ಬಿರುಗಾಳಿ ಚೆನ್ನೈಯಲ್ಲಿ, ನಾವು ಬಜ್ಪೆಯಲ್ಲಿ

"ಚಂಡಮಾರುತ ಬರುವ ಊರಿಗೆ ಟಿಕೆಟ್ ಮಾಡಬೇಡಿ, ರಜೆ ಹಾಳಾಗದು" ಎಂದು ರಜೆ ಪ್ರವಾಸದ ಬಗ್ಗೆ ನಾನು ಓದಿದ ಒಂದು ಲೇಖನದಲ್ಲಿದೆ. ಅಷ್ಟು ಸಾಲದು ಮಾರಾಯ್ರೆ. ದಾರಿಯಲ್ಲಿ ವಿಮಾನ ಬದಲಿಸುವ ಊರನ್ನೂ ನೋಡಬೇಕು.

2023ರ ಡಿಸೆಂಬರಿನಲ್ಲಿ ನಾವು ಅಂಡಮಾನಿಗೆ ಹೊರಟಿದ್ದೆವು, ಚೆನ್ನೈ ಮೂಲಕ. ಡಿಸೆಂಬರ್ 4ರಂದು ಮಿಚಾಂಗ್ ಚಂಡಮಾರುತದ ಮಳೆಗೆ ಚೆನ್ನೈ ರನ್‌ವೇಯಲ್ಲಿ ನೀರು ನಿಂತು, ವಿಮಾನ ನಿಲ್ದಾಣವನ್ನೇ ಮರುದಿನದವರೆಗೆ ಮುಚ್ಚಿದರು. ನಾವಿದ್ದ ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣದಲ್ಲಿ ಮಾತ್ರ ಬಿಸಿಲು! ಮಗಳು ಈಜುವ ಕನ್ನಡಕವನ್ನು ಕುತ್ತಿಗೆಗೆ ಹಾಕಿಕೊಂಡು, "ಇಲ್ಲಿ ಮಳೆಯೇ ಇಲ್ವಲ್ಲ ಅಪ್ಪ" ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. ಅಮ್ಮ ಕಟ್ಟಿಕೊಟ್ಟ ಕೋರಿರೊಟ್ಟಿಯ ರೊಟ್ಟಿ ಕಟ್ಟನ್ನು ಅಲ್ಲಿಯೇ ಕುರ್ಚಿಯಲ್ಲಿ ಕುಳಿತು ಬಿಚ್ಚಿದೆವು.

ನನ್ನ ತಪ್ಪೆಂದರೆ ಎರಡು ಕಂಪನಿಯ ಟಿಕೆಟನ್ನು ಬೇರೆ ಬೇರೆ ಮಾಡಿದ್ದು. ಮೊದಲ ವಿಮಾನ ರದ್ದಾಯಿತು, ಹಣ ಬಂತು. ಎರಡನೆಯದು ಮರುದಿನ ಹಾರಿತು, ನಾವು ಅಲ್ಲಿರಲಿಲ್ಲ. ಆ ದುಡ್ಡು ಹೋಯಿತು. ದಯವಿಟ್ಟು ಇಡೀ ಪ್ರಯಾಣವನ್ನು ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ಸಂಖ್ಯೆಯಲ್ಲಿ ಮಾಡಿಸಿ. ಹವಾಮಾನದಿಂದ ರದ್ದಾದರೆ ಪರಿಹಾರ ಸಿಗದು, ಆದರೆ ಬದಲಿ ವಿಮಾನ ಅಥವಾ ಟಿಕೆಟ್ ಹಣ ವಾಪಸ್ ಕೇಳುವ ಹಕ್ಕು ನಮಗುಂಟು.

ಇನ್ನೊಂದು ವಿಷಯ. ಅಮೆರಿಕದ ಅಟ್ಲಾಂಟಿಕ್ ಕಡೆ ಹರಿಕೇನ್ (ಅಲ್ಲಿನ ಚಂಡಮಾರುತ) ಕಾಲ ಜೂನ್‌ನಿಂದ ನವೆಂಬರ್. ನಮ್ಮ ಎರಡೂ ಕಡಲಿನಲ್ಲಿ ಚಂಡಮಾರುತ ಜೋರು ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರಿನವರೆಗೆ. ಮಕ್ಕಳ ಬೇಸಿಗೆ ರಜೆ, ದಸರಾ ರಜೆ ಎಲ್ಲ ಅದರಲ್ಲೇ ಬರುತ್ತದೆ. 2021ರ ಮೇಯಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋದದ್ದು ಮರೆಯುವಂಥದ್ದಲ್ಲ. ಬಜ್ಪೆಯದು ಗುಡ್ಡದ ಮೇಲಿನ ರನ್‌ವೇ, ಮೋಡ ಕವಿದು ದಾರಿ ಕಾಣದಿದ್ದರೆ ಪೈಲಟ್ ಬೇರೆ ಊರಿಗೆ ತಿರುಗಿಸುವುದೇ ಸರಿ. ಅವರ ಮೇಲೆ ರೇಗಬೇಡಿ.