ಗಾಳದ ತಕ್ಕಡಿ ಮತ್ತು ಒಂದು ಲೀಟರ್ ಹಾಲು

ಮೀನು ತೂಗಲು ತಂದ ತಕ್ಕಡಿಯಲ್ಲಿ ಕಾಫಿ ಹಣ್ಣು ತೂಗಬೇಡಿ. ತೂಗಲೇಬೇಕಾಗಿ ಬಂದರೆ ಮೊದಲು ಅದರಲ್ಲಿ ನೀರು ತೂಗಿ ನೋಡಿ. ನಾಲ್ಕು ದಿನದ ತಪ್ಪು ಲೆಕ್ಕ ಸರಿಮಾಡಿ ಈಗಷ್ಟೇ ಕೂತಿದ್ದೇನೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಮ್ಮದು ಸಿದ್ದಾಪುರದ ಕಡೆ ಸಣ್ಣ ತೋಟ. ತೋಟದ ಕೆರೆಯಲ್ಲಿ ಕಾಟ್ಲಾ, ರೋಹು ಬಿಟ್ಟಿದ್ದೇವೆ. ಗಾಳ ಹಾಕೋದು ನನಗೆ ಚಿಕ್ಕಂದಿನಿಂದ ಪ್ರಾಣ. ಮೀನು ತೂಗೋಕೆ ಅಂತ ಕೊಕ್ಕೆ ಇರುವ ಸಣ್ಣ ಡಿಜಿಟಲ್ ತಕ್ಕಡಿ ತರಿಸಿದ್ದೆ. 50 ಕೆ.ಜಿ. ತನಕ ತೂಗುತ್ತದೆ ಅಂತ ಮೇಲೆ ಬರೆದಿತ್ತು. ಬಂದ ದಿನವೇ ಪರೀಕ್ಷೆ ಮಾಡಿದೆ. ಅರ್ಧ ಲೀಟರಿನ ಎರಡು ನಂದಿನಿ ಹಾಲಿನ ಪ್ಯಾಕೆಟ್ ಬಟ್ಟೆ ಚೀಲಕ್ಕೆ ಹಾಕಿ ನೇತುಹಾಕಿದೆ. ಚೀಲದ ತೂಕವನ್ನು ಮೊದಲೇ ಸೊನ್ನೆ ಮಾಡಿಕೊಂಡಿದ್ದೆ. 1.00 ತೋರಿಸಿತು. ಒಂದು ಲೀಟರ್, ಒಂದು ಕೆ.ಜಿ., ಸರಿಯಾಗಿದೆ ಅಂದುಕೊಂಡು ಒಳಗಿಟ್ಟೆ.

ಈ ಸಲ ರೊಬಸ್ಟಾ ಕಾಫಿ ಕುಯ್ಲಿನ ನಡುವೆ ಕಣದ ದೊಡ್ಡ ತಕ್ಕಡಿ ಕೆಟ್ಟಿತು. ರಿಪೇರಿಗೆ ಕಳಿಸಿ ಈ ಗಾಳದ ತಕ್ಕಡಿಯನ್ನೇ ಶೆಡ್ಡಿನ ತೊಲೆಗೆ ಕಟ್ಟಿದೆ. ನಮ್ಮಲ್ಲಿ ಹಣ್ಣು ಕುಯ್ಯುವವರಿಗೆ ಕೂಲಿ ಕೆ.ಜಿ. ಲೆಕ್ಕದಲ್ಲಿ. ನಾಲ್ಕನೇ ದಿನ ಸಂಜೆ ಒಬ್ಬ ಅಕ್ಕ ಚೀಲ ಇಳಿಸಿ ತಕ್ಕಡಿಯನ್ನೇ ನೋಡುತ್ತಾ ನಿಂತರು. "ಅಣ್ಣಾ, ತಲೆ ಮೇಲೆ ಹೊತ್ತವಳಿಗೆ ಗೊತ್ತಾಗಲ್ವಾ? ಇದು ಕಮ್ಮಿ ತೋರಿಸ್ತಿದೆ" ಅಂದರು. "ನಾನೇ ಪರೀಕ್ಷೆ ಮಾಡಿದ್ದೀನಿ ಅಕ್ಕ" ಅಂದೆ. ಆದರೂ ಅವರ ಮಾತು ತಲೆಯಿಂದ ಹೋಗಲಿಲ್ಲ.

ರಾತ್ರಿ ಲೈಟ್ ಹಾಕಿಕೊಂಡು ಕೂತೆ. ಸೀಲ್ ಒಡೆಯದ ಒಂದು ಲೀಟರ್ ನೀರಿನ ಬಾಟಲಿ ತಗೊಂಡು, ನೀರು ಎಲ್ಲಿಯವರೆಗೆ ಇದೆಯೋ ಅಲ್ಲಿಗೆ ಪೆನ್ನಿನಲ್ಲಿ ಗೆರೆ ಎಳೆದೆ. ಬಾಯಿತನಕ ತುಂಬಿಸಿದರೆ ಒಂದು ಲೀಟರಿಗಿಂತ ಜಾಸ್ತಿ ಹಿಡಿಯುತ್ತದೆ, ಅದಕ್ಕೇ ಗೆರೆ. ಖಾಲಿ ಬಕೆಟ್ ನೇತುಹಾಕಿ ಸೊನ್ನೆ ಮಾಡಿದೆ. ಗೆರೆತನಕ ಅಳೆದು ಒಂದೊಂದೇ ಲೀಟರ್ ಸುರಿದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು 997 ಗ್ರಾಂ ತೂಗುತ್ತದೆ. ಆ ಮೂರು ಗ್ರಾಂ ನಮ್ಮ ಕೆಲಸಕ್ಕೆ ಲೆಕ್ಕಕ್ಕಿಲ್ಲ.

ಮೊದಲ ಲೀಟರಿಗೆ 0.97. ಹನ್ನೆರಡಕ್ಕೆ 11.60. ಇಪ್ಪತ್ತನಾಲ್ಕಕ್ಕೆ 23.20. ಎಂಟುನೂರು ಗ್ರಾಂ ಕಮ್ಮಿ! ಮೂರು ಸಲ ಮಾಡಿದೆ, ಮೂರು ಸಲವೂ ಅಷ್ಟೇ. ನೀರು ತೆಗೆಯುತ್ತಾ ಇಳಿಯುವಾಗಲೂ ಅದೇ ಲೆಕ್ಕ.

ಹಾಗಾದರೆ ಹಾಲಿಗೆ ಯಾಕೆ ಸರಿ ತೋರಿಸಿತು? ಹಾಲು ನೀರಿಗಿಂತ ಭಾರ. ಒಂದು ಲೀಟರ್ ಹಾಲು ಸುಮಾರು 1.03 ಕೆ.ಜಿ. ತೂಗುತ್ತದೆ. ತಕ್ಕಡಿ ಕಮ್ಮಿ ತೋರಿಸುವುದೂ ನೂರಕ್ಕೆ ಮೂರರಷ್ಟು. ಹಾಲು ಜಾಸ್ತಿ, ತಕ್ಕಡಿ ಕಮ್ಮಿ, ಎರಡೂ ಸೇರಿ ಸರಿಯಾಗಿ 1.00. ಇದು ಹೊಳೆದಾಗ ನನಗೆ ಮೈ ಬೆವರಿತು. ಒಬ್ಬರು ನಿಜವಾಗಿ 72 ಕೆ.ಜಿ. ಕುಯ್ದಿದ್ದರೆ ನನ್ನ ಪುಸ್ತಕದಲ್ಲಿ 69.6. ದಿನಕ್ಕೆ 2.4 ಕೆ.ಜಿ. ಕೂಲಿ ಹೋಯಿತು. ಅದೂ ಬೆನ್ನು ಬಗ್ಗಿಸಿ, ಇರುವೆ ಕಚ್ಚಿಸಿಕೊಂಡು ಕುಯ್ದ ಹಣ್ಣು.

ಮನೆಯಲ್ಲಿ ತಕ್ಕಡಿ ಪರೀಕ್ಷೆ ಮಾಡಿ ನೋಡುವವರಿಗೆ ಇನ್ನಷ್ಟು ಹೇಳಬೇಕು. ನೀವು ಎಷ್ಟು ಭಾರ ತೂಗುತ್ತೀರೋ ಅಷ್ಟೇ ಭಾರದಲ್ಲಿ ಪರೀಕ್ಷೆ ಮಾಡಿ. ಒಂದು ಕೆ.ಜಿ.ಯಲ್ಲಿ ಮೂವತ್ತು ಗ್ರಾಂ ವ್ಯತ್ಯಾಸ ಕಣ್ಣಿಗೆ ಬೀಳಲ್ಲ. ಕೈಯಲ್ಲಿ ಹಿಡಿದು ತೂಗಬೇಡಿ, ಅಂಕಿ ಅಲುಗಾಡುತ್ತದೆ. ಬ್ಯಾಟರಿ ಹೊಸದಿರಲಿ. ಬಟನ್ ಒತ್ತಿದರೆ ಕೆ.ಜಿ., ಪೌಂಡ್ ಜೊತೆಗೆ ಕೆಲವದರಲ್ಲಿ ಚೀನಾದ 'ಜಿನ್' ಕೂಡ ಬರುತ್ತದೆ. ಒಂದು ಜಿನ್ ಅಂದರೆ 500 ಗ್ರಾಂ. ಗೊತ್ತಿಲ್ಲದೆ ಒತ್ತಿದರೆ ಅಂಕಿ ಡಬಲ್. ಭಾರದ್ದು ಬೇರೇನೂ ಇಲ್ಲದಿದ್ದರೆ ತುಂಬಿದ ಗ್ಯಾಸ್ ಸಿಲಿಂಡರ್ ಇದ್ದೇ ಇದೆ. ಖಾಲಿ ಸಿಲಿಂಡರಿನ ತೂಕ ಅದರ ಮೇಲೇ ಬರೆದಿರುತ್ತದೆ, ಅದಕ್ಕೆ 14.2 ಕೆ.ಜಿ. ಕೂಡಿಸಿ ನೋಡಿ. ದೊಡ್ಡ ತಪ್ಪು ಇದ್ದರೆ ತಕ್ಷಣ ಸಿಕ್ಕಿಬೀಳುತ್ತದೆ.

ಮೀನಿನ ವಿಷಯಕ್ಕೂ ಇದೇ ಮಾತು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದ 120 ಪೌಂಡಿನ ಮಹಶೀರ್ ಅನ್ನೋ ಹೊಳೆಮೀನಿನ ಬಗ್ಗೆ ಗಾಳ ಹಾಕುವವರು ಇವತ್ತಿಗೂ ಮಾತಾಡುತ್ತಾರೆ. ತೂಕ ಸರಿ ಇದ್ದರೆ ತಾನೆ ಆ ಮಾತಿಗೆ ಬೆಲೆ? ಆದರೆ ಕಾವೇರಿಯ ಮಹಶೀರ್ ಈಗ ಅಳಿವಿನ ಅಂಚಿನಲ್ಲಿದೆ. ಹಿಡಿದು ಬಿಡುವ ಮೀನನ್ನು ದವಡೆಗೆ ಕೊಕ್ಕೆ ಹಾಕಿ ನೇತುಹಾಕಬೇಡಿ. ಒದ್ದೆ ಬಟ್ಟೆಯ ಜೋಳಿಗೆಯಲ್ಲಿ ಮಲಗಿಸಿ ತೂಗಿ, ಜೋಳಿಗೆಯ ತೂಕ ಆಮೇಲೆ ಕಳೆಯಿರಿ.

ಕೂಲಿ ಲೆಕ್ಕದ ತೂಕವನ್ನು ಕಾನೂನು ಕೂಡ ಸುಮ್ನೆ ಬಿಟ್ಟಿಲ್ಲ. ತೂಕ, ಅಳತೆಗೆ ಅಂತಲೇ ಇರುವ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಲ್ಲಿ ವ್ಯಾಪಾರದ ಹಾಗೆ ಕೂಲಿ ಲೆಕ್ಕ ಹಾಕುವುದೂ ಸೇರಿದೆ. ಅಂದರೆ ಸರ್ಕಾರದ ಮುದ್ರೆ ಬಿದ್ದ ತಕ್ಕಡಿಯೇ ಬೇಕು. ನಮ್ಮದು ಸಣ್ಣ ತೋಟ ಅನ್ನೋದು ಇದಕ್ಕೆ ಉತ್ತರ ಅಲ್ಲ.

ಮರುದಿನ ಬೆಳಿಗ್ಗೆ ಎಲ್ಲರ ಮುಂದೆ ಮತ್ತೆ ನೀರು ತೂಗಿ ತೋರಿಸಿದೆ. ತಕ್ಕಡಿ ತೋರಿಸಿದ ಪ್ರತಿ 29 ಕೆ.ಜಿ.ಗೆ ಒಂದು ಕೆ.ಜಿ. ಸೇರಿಸಿ ನಾಲ್ಕೂ ದಿನದ ಬಾಕಿ ಕೊಟ್ಟೆ. ಆ ಅಕ್ಕನ ಹತ್ತಿರ ತಪ್ಪಾಯ್ತು ಅಂದೆ. ಆಮೇಲೆ ಒಂದು ದುಂಡನೆಯ ಹೊಳೆಕಲ್ಲು ಒಣಗಿಸಿ, ಮುದ್ರೆ ಇರುವ ಅಂಗಡಿ ತಕ್ಕಡಿಯಲ್ಲಿ ತೂಗಿಸಿ, ಬಂದ ತೂಕವನ್ನು ಬಿಳಿ ಪೇಂಟಿನಲ್ಲಿ ಅದರ ಮೇಲೇ ಬರೆದೆ. ದೊಡ್ಡ ತಕ್ಕಡಿ ರಿಪೇರಿಯಾಗಿ ಮುದ್ರೆ ಹಾಕಿಸಿಕೊಂಡು ಬಂದಿದೆ. ಕಲ್ಲು ಅದರ ಪಕ್ಕದಲ್ಲೇ ಇದೆ. ಸಂಜೆ ಮೊದಲ ಚೀಲಕ್ಕಿಂತ ಮುಂಚೆ ಆ ಕಲ್ಲು ಏರುತ್ತದೆ. ನಿನ್ನೆ ಅದನ್ನು ಇಟ್ಟು ಅಂಕಿ ಓದಿದ್ದು ಆ ಅಕ್ಕನೇ.