ಗರಗಸದ ಹಲ್ಲು ಬುಡದಿಂದ ಬಗ್ಗಿಸಬೇಡಿ: ಒಂದು ಸ್ಪಷ್ಟನೆ

"ಕೈಗರಗಸದ ಹಲ್ಲನ್ನು ಬುಡದಿಂದಲೇ ಬಗ್ಗಿಸಿ, ಜಾಸ್ತಿ ಬಗ್ಗಿದಷ್ಟೂ ಬೇಗ ಕೊಯ್ಯುತ್ತದೆ" ಎಂಬ ಮೆಸೇಜ್ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಹಲ್ಲನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಬಗ್ಗಿಸುವುದು ಅಲಗು ಮರದೊಳಗೆ ಸಿಕ್ಕಿಕೊಳ್ಳದೆ ಓಡಾಡಲಿ ಅಂತ. ಅದಕ್ಕೆ ಹಲ್ಲಿನ ಮೇಲಿನ ಅರ್ಧ ಭಾಗ ಬಗ್ಗಿದರೆ ಸಾಕು. ಬುಡದಿಂದ ಬಗ್ಗಿಸಿದರೆ ಉಕ್ಕು ಬಿರುಕು ಬಿಟ್ಟು ಹಲ್ಲೇ ಮುರಿಯಬಹುದು. ಮುರಿದ ಹಲ್ಲನ್ನು ಮತ್ತೆ ಕೂರಿಸೋಕಾಗಲ್ಲ. ಹಳೇ ಗರಗಸವಾದರೆ ಇನ್ನೂ ಹುಷಾರಾಗಿರಬೇಕು.

ಎಷ್ಟು ಬಗ್ಗಿಸಬೇಕು? ಕೊಯ್ದ ಸೀಳು ಅಲಗಿನ ದಪ್ಪದ ಒಂದೂವರೆ ಪಟ್ಟು ದಾಟಬಾರದು. ಅಲಗು 1 ಮಿ.ಮೀ. ದಪ್ಪವಿದ್ದರೆ ಸೀಳು ಹೆಚ್ಚೆಂದರೆ 1.5 ಮಿ.ಮೀ., ಅಂದರೆ ಒಂದೊಂದು ಬದಿಗೆ ಕಾಲು ಮಿ.ಮೀ. ಮಾತ್ರ. ಒಣಗಿದ ತೇಗಕ್ಕೆ ಅದಕ್ಕಿಂತ ಕಡಿಮೆ ಸಾಕು. ಹಸಿ ಮರಕ್ಕೆ ಒಣ ಮರಕ್ಕಿಂತ ಸ್ವಲ್ಪ ಜಾಸ್ತಿ ಬೇಕು, ಅದರ ಹೊಟ್ಟು ಒದ್ದೆಯಾಗಿ ಅಂಟಿಕೊಳ್ಳುತ್ತದೆ ಅಲ್ವಾ. ಅತಿಯಾಗಿ ಬಗ್ಗಿಸಿದರೆ ಸೀಳು ಅಗಲವಾಗಿ ಅಲಗು ಅತ್ತಿತ್ತ ಅಲೆಯುತ್ತದೆ, ಗೆರೆ ತಪ್ಪುತ್ತದೆ, ತೋಳು ಸುಮ್ನೆ ಸೋಲುತ್ತದೆ.

ಬೇಕಿದ್ದರೆ ನೀವೇ ನೋಡಿ. ಬೇಡದ ತುಂಡೊಂದನ್ನು ಕೊಯ್ದು, ಅಲಗನ್ನು ಸೀಳಿನಲ್ಲೇ ಬಿಟ್ಟು ಮೆಲ್ಲಗೆ ಅಲುಗಾಡಿಸಿ. ಸಡಿಲವಾಗಿ ಹೊಯ್ದಾಡಿದರೆ ಬಗ್ಗಿಸಿದ್ದು ಜಾಸ್ತಿಯಾಗಿದೆ.

ಆ ಮೆಸೇಜ್ ನಿಮ್ಮ ಗ್ರೂಪಿಗೆ ಬಂದಿದ್ದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದರ ಕೆಳಗೆ ಇದನ್ನೂ ಹಾಕಿ.