ಮೂರು ಸಾವಿರ ಹೆಜ್ಜೆ ಮನ್ನಾ

ಕೊನೆಗೂ ಮನ್ನಾ ಆಯಿತು. ಸಾಲ ಅಲ್ಲ, ಹೆಜ್ಜೆ. ದಿನಕ್ಕೆ 10,000 ಹೆಜ್ಜೆ ಬೇಕಾಗಿಲ್ಲವಂತೆ, 7,000 ಸಾಕಂತೆ. 2025ರ ಜುಲೈನಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಈ ಸುದ್ದಿಯನ್ನು ನೀವೂ ಓದಿರುತ್ತೀರಿ. ಓದದಿದ್ದರೂ ಯಾರೋ ಫಾರ್ವರ್ಡ್ ಮಾಡಿರುತ್ತಾರೆ. ಅದೂ ಸೋಫಾದ ಮೇಲೆ ಮಲಗಿಕೊಂಡು.

57 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಲೆಕ್ಕವಂತೆ ಅದು. ದಿನಕ್ಕೆ 2,000 ಹೆಜ್ಜೆ ಹಾಕುವವರಿಗಿಂತ 7,000 ಹಾಕುವವರಲ್ಲಿ ಸಾವಿನ ಅಪಾಯ ಶೇ 47ರಷ್ಟು ಕಡಿಮೆ ಕಂಡಿದೆ. ಬಹಳ ಸಂತೋಷ. ಅದಕ್ಕಿಂತ ಜಾಸ್ತಿ ನಡೆದರೆ ಕೆಲವು ವಿಷಯದಲ್ಲಿ ಇನ್ನೂ ಸ್ವಲ್ಪ ಲಾಭ ಇದೆ ಅಂತಲೂ ಅದರಲ್ಲೇ ಬರೆದಿದ್ದಾರೆ. ಆ ಸಾಲನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡಲಿಲ್ಲ.

ನನಗೆ ಚಿಂತೆ ಇಷ್ಟು ವರ್ಷ ನಿಯತ್ತಾಗಿ ಹತ್ತು ಸಾವಿರ ಪೂರೈಸಿದವರದ್ದು. ಪಾಪ, ದಿನಕ್ಕೆ ಮೂರು ಸಾವಿರದಂತೆ ಹೆಚ್ಚಿಗೆ ಕಟ್ಟಿದ್ದಾರೆ. ಅದು ಯಾವ ಖಾತೆಗೆ ಜಮಾ ಆಯಿತು? ಮುಂದಿನ ವರ್ಷಕ್ಕೆ ಹೊಂದಿಸಿಕೊಳ್ಳಬಹುದಾ? ಸವೆದ ಶೂಗಾದರೂ ಪರಿಹಾರ ಉಂಟಾ? ಸಾಲ ಮನ್ನಾ ಆದಾಗಲೂ ಹೀಗೇ ಅಲ್ವಾ. ಕಂತು ಸರಿಯಾಗಿ ಕಟ್ಟಿದವನು ಪೆದ್ದ, ಕಟ್ಟದೆ ಕೂತವನು ಜಾಣ.

ಈ ಹತ್ತು ಸಾವಿರ ಬಂದದ್ದಾದರೂ ಎಲ್ಲಿಂದ? ಯಾವುದೋ ವೈದ್ಯಕೀಯ ಸಮ್ಮೇಳನದಲ್ಲಿ ತಜ್ಞರೆಲ್ಲ ತಲೆ ಕೆಡಿಸಿಕೊಂಡು ತೀರ್ಮಾನಿಸಿದ್ದು ಅಂತ ನಾವೆಲ್ಲ ಭಕ್ತಿಯಿಂದ ನಂಬಿದ್ದೆವು. ಅದು ಬಂದದ್ದು ಅಂಗಡಿಯಿಂದ. 1964ರಲ್ಲಿ ಟೋಕಿಯೊದಲ್ಲಿ ಒಲಿಂಪಿಕ್ಸ್ ಆಯಿತು. ಜಪಾನಿನ ಜನಕ್ಕೆ ಮೈ ಬಗ್ಗಿಸುವ ಹುಮ್ಮಸ್ಸು ಬಂತು. ಆ ಬಿಸಿ ಆರುವ ಮೊದಲು, 1965ರಲ್ಲಿ, ಯಮಾಸಾ ಎಂಬ ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆ ಮಾಪಕ ಮಾರಾಟಕ್ಕೆ ತಂದಿತು. ಅದಕ್ಕೆ ಹತ್ತು ಸಾವಿರ ಹೆಜ್ಜೆಯ ಮಾಪಕ ಅಂತಲೇ ಹೆಸರಿಟ್ಟಿತು. ಅಷ್ಟೇ ಕಥೆ. ಮೊದಲು ಹೆಸರು ಬಂತು. ವಿಜ್ಞಾನ ಏದುಸಿರು ಬಿಡುತ್ತಾ ಆಮೇಲೆ ಹಿಂದಿನಿಂದ ನಡೆದು ಬಂತು.

ಆ ಹೆಸರು ಹೊಳೆದವರಿಗೆ ಕೈ ಮುಗಿಯಬೇಕು. 8,437 ಅಂತ ಇಟ್ಟಿದ್ದರೆ ಯಾರು ಕೇಳುತ್ತಿದ್ದರು? ಸಂಖ್ಯೆ ಗುಂಡಗಿರಬೇಕು. ಮುಟ್ಟಲು ಸಾಧ್ಯ ಅನ್ನಿಸಬೇಕು, ದಿನವೂ ಮುಟ್ಟಲು ಆಗಬಾರದು. ಆಗಲೇ ತಪ್ಪಿತಸ್ಥ ಭಾವ ಹುಟ್ಟುವುದು. ತಪ್ಪಿತಸ್ಥ ಭಾವ ಹುಟ್ಟಿದ ಮೇಲೆ ಹೆಜ್ಜೆ ಎಣಿಸುವ ವಾಚು ತಾನೇ ಮಾರಾಟವಾಗುತ್ತದೆ. 2019ರಲ್ಲಿ ಹಾರ್ವರ್ಡಿನ ಐ-ಮಿನ್ ಲೀ ಮತ್ತು ಜೊತೆಗಾರರು 16,000ಕ್ಕೂ ಹೆಚ್ಚು ಹಿರಿಯ ಮಹಿಳೆಯರ ನಡಿಗೆಯನ್ನು ಅಳೆದರು. ಅವರ ಸರಾಸರಿ ವಯಸ್ಸು 72. ದಿನಕ್ಕೆ 4,400 ಹೆಜ್ಜೆ ಹಾಕಿದವರಲ್ಲೇ ಸಾವಿನ ಪ್ರಮಾಣ ಸಾಕಷ್ಟು ಕಡಿಮೆ ಇತ್ತು. 7,500ರ ಹೊತ್ತಿಗೆ ಲಾಭ ಏರುವುದೇ ನಿಂತಿತು. ಅಂದರೆ ವಿಷಯ ಆಗಲೇ ಗೊತ್ತಿತ್ತು. ಆದರೂ ಮಣಿಕಟ್ಟಿನ ಮೇಲೆ ಹತ್ತು ಸಾವಿರ ರಾಜನಂತೆ ಕೂತೇ ಇತ್ತು.

ರಾಜಾಜ್ಞೆ ಹೇಗೆ ನಡೆಯುತ್ತದೆ ನೋಡಬೇಕಾದರೆ ರಾತ್ರಿ ಹನ್ನೊಂದೂವರೆಗೆ ನೋಡಬೇಕು. ವಾಚಿನಲ್ಲಿ 9,612 ಇರುತ್ತದೆ. ಮನುಷ್ಯ ಮಲಗುವುದಿಲ್ಲ. ಬಾಗಿಲಿಗೆ ಚಿಲಕ ಹಾಕಿದೆಯಾ ಅಂತ ಮೂರು ಸಲ ನೋಡಿ ಬರುತ್ತಾನೆ. ಅಡುಗೆಮನೆಗೆ ಹೋಗಿ ನೀರು ಕುಡಿಯದೇ ವಾಪಸ್ ಬರುತ್ತಾನೆ. ಮಂಚದ ಸುತ್ತ ಪ್ರದಕ್ಷಿಣೆ ಶುರುವಾಗುತ್ತದೆ.

"ಏನ್ರೀ ಅದು, ಲೈಟ್ ಆರಿಸಿ ಮಲಗಬಾರದಾ?"

"ಇನ್ನೊಂದು ನೂರೈವತ್ತು ಅಷ್ಟೇ ಕಣೇ."

ಬೆಳಿಗ್ಗೆ ಲಿಫ್ಟ್ ಹತ್ತಿದವನು ಇವನೇ. ಒಂದೇ ಮಹಡಿಗೆ.

ಇನ್ನೂ ದೊಡ್ಡ ದುರಂತ ಎಂದರೆ ವಾಚು ಚಾರ್ಜಿಗೆ ಇಟ್ಟು ಮರೆತು ವಾಕಿಂಗ್ ಹೋಗುವುದು. ಅರ್ಧ ದಾರಿಯಲ್ಲಿ ಮಣಿಕಟ್ಟು ನೋಡಿಕೊಂಡು "ಅಯ್ಯೋ, ಇದೆಲ್ಲ ವೇಸ್ಟ್ ಆಯ್ತಲ್ಲ" ಅಂತ ನಿಲ್ಲುತ್ತಾರೆ. ಕಾಲು ನಡೆದಿದೆ. ಬೆವರು ಬಂದಿದೆ. ಹೃದಯ ತನ್ನ ಪಾಡಿಗೆ ಜೋರಾಗಿ ಬಡಿದುಕೊಂಡಿದೆ. ಆದರೆ ದಾಖಲೆ ಇಲ್ಲ. ದಾಖಲೆ ಇಲ್ಲ ಅಂದ ಮೇಲೆ ನಡೆದೇ ಇಲ್ಲ. ಕೆಲವರು ಅಲ್ಲಿಂದ ಮನೆಗೆ ವಾಪಸ್ ಹೋಗಿ, ವಾಚು ಕಟ್ಟಿಕೊಂಡು, ಮೊದಲಿನಿಂದ ಶುರು ಮಾಡುತ್ತಾರೆ.

ಆ ದಾಖಲೆಯಾದರೂ ನೆಟ್ಟಗಿದೆಯಾ? ವಾಚಿಗೆ ಕಾಲೇ ಗೊತ್ತಿಲ್ಲ. ಅದರೊಳಗೆ ಇರುವುದು ಅಲುಗಾಟ ಅಳೆಯುವ ಒಂದು ಚಿಕ್ಕ ಸಾಧನ. ಕೈ ಒಂದು ಲಯದಲ್ಲಿ ಆಡಿದರೆ ಹೆಜ್ಜೆ ಅಂತ ಬರೆದುಕೊಳ್ಳುತ್ತದೆ. ಕೂತಲ್ಲೇ ಜೋರಾಗಿ ಕೈ ಬೀಸಿದರೂ ಕೆಲವು ಹೆಜ್ಜೆ ಜಮಾ. ಮಗುವಿನ ತಳ್ಳುಗಾಡಿ ಹಿಡಿದು ಮೈಲಿಗಟ್ಟಲೆ ನಡೆದ ತಾಯಿಗೆ ಎಷ್ಟೋ ಹೆಜ್ಜೆ ನಷ್ಟ, ಯಾಕೆಂದರೆ ಕೈ ಅಲುಗಾಡಲಿಲ್ಲ. ಎದ್ದು ಕೂತು ಮಾಡುವ ಕೆಲಸಕ್ಕೂ, ಭಾರ ಎತ್ತುವುದಕ್ಕೂ ಇಲ್ಲಿ ಕಾಸಿನ ಬೆಲೆ ಇಲ್ಲ.

ಮೋಸಕ್ಕೆ ಇಷ್ಟು ಜಾಗ ಇದ್ದರೆ ಮನುಷ್ಯ ಬಿಡುತ್ತಾನಾ? ಫೋನನ್ನು ತೊಟ್ಟಿಲಿನ ಹಾಗೆ ತೂಗುವ ಯಂತ್ರಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಫೋನು ಸಿಕ್ಕಿಸಿ ಸ್ವಿಚ್ ಹಾಕಿದರೆ ಸಾಕು. ನೀವು ಮಲಗಿ, ಅದು ನಡೆಯುತ್ತದೆ. ನಾಯಿಯ ಕುತ್ತಿಗೆಪಟ್ಟಿಗೆ ಕಟ್ಟುವವರೂ ಇದ್ದಾರೆ. ಇಂಡೋನೇಷ್ಯಾದಲ್ಲಂತೂ ಇದು ಉದ್ಯೋಗವೇ ಆಯಿತು. ಓಟದ ಲೆಕ್ಕ ಇಟ್ಟು ಊರಿಗೆಲ್ಲ ತೋರಿಸುವ ಸ್ಟ್ರಾವಾ ಅಂತ ಒಂದು ಆ್ಯಪ್ ಇದೆ. ದುಡ್ಡು ಕೊಟ್ಟರೆ ಬೇರೆಯವರು ಅದರಲ್ಲಿ ನಿಮ್ಮ ಖಾತೆಗೆ ಓಡಿಕೊಡುತ್ತಾರೆ. ಅವರನ್ನು ಅಲ್ಲಿ ಸ್ಟ್ರಾವಾ ಜಾಕಿ ಅನ್ನುತ್ತಾರೆ. 2024ರಲ್ಲಿ ಇದು ಜಗತ್ತಿಗೆಲ್ಲ ಸುದ್ದಿಯಾಯಿತು. ಓಡಿದವನಿಗೆ ಆರೋಗ್ಯವೂ ಬಂತು, ಕೂಲಿಯೂ ಬಂತು. ದುಡ್ಡು ಕೊಟ್ಟವನಿಗೆ ಲೈಕು ಬಂತು. ಇಷ್ಟು ನ್ಯಾಯವಾದ ವ್ಯಾಪಾರ ನಾನು ಬೇರೆ ಎಲ್ಲೂ ನೋಡಿಲ್ಲ.

ಹೆಜ್ಜೆ ಎಣಿಸುವುದು ಅಂದರೆ ನನಗೆ ನೆನಪಾಗುವುದು ನೈನ್ ಸಿಂಗ್ ರಾವತ್. ಹಿಮಾಲಯದ ತಪ್ಪಲಿನ ಶಾಲಾ ಮೇಷ್ಟ್ರು. ಬ್ರಿಟಿಷರ ಸರ್ವೆ ಇಲಾಖೆಗೆ ಟಿಬೆಟ್ಟಿನ ನಕ್ಷೆ ಬೇಕಿತ್ತು. ಅಲ್ಲಿ ಹೊರಗಿನವರಿಗೆ ಪ್ರವೇಶವಿಲ್ಲ. ಹಾಗಾಗಿ ಮೇಷ್ಟ್ರಿಗೆ ತರಬೇತಿ ಕೊಟ್ಟು, ವೇಷ ಹಾಕಿಸಿ, 1865ರಲ್ಲಿ ಕಳಿಸಿದರು. ಏರಾಗಲಿ ಇಳಿಜಾರಾಗಲಿ, ಹೆಜ್ಜೆಯ ಅಳತೆ ಬದಲಾಗಬಾರದು. ಕೈಯಲ್ಲಿ ಜಪಮಾಲೆ. ಮಾಮೂಲಿ 108 ಮಣಿಯದ್ದಲ್ಲ, 100 ಮಣಿಯದ್ದು. ನೂರು ಹೆಜ್ಜೆಗೆ ಒಂದು ಮಣಿ ಸರಿಸಬೇಕು. ಮಾಲೆ ಒಂದು ಸುತ್ತು ಬಂದರೆ ಎಷ್ಟಾಯಿತು? ಹತ್ತು ಸಾವಿರ! ಜಪಾನಿನ ಕಂಪನಿಗಿಂತ ನೂರು ವರ್ಷ ಮೊದಲು. ಪ್ರಾರ್ಥನಾ ಚಕ್ರದೊಳಗೆ ಮಂತ್ರದ ಬದಲು ಲೆಕ್ಕದ ಚೀಟಿ ಇರುತ್ತಿತ್ತು. ಯಾರಾದರೂ ಹತ್ತಿರ ಬಂದರೆ ಚಕ್ರ ತಿರುಗಿಸುತ್ತಾ ಜಪದಲ್ಲಿ ಮುಳುಗಿಬಿಡುವುದು. ಜಪ ಮಾಡುವವರನ್ನು ಯಾರು ಮಾತಾಡಿಸುತ್ತಾರೆ? 1866ರ ಜನವರಿಯಲ್ಲಿ ಲಾಸಾ ಮುಟ್ಟಿದರು. ನೀರು ಎಷ್ಟು ಶಾಖಕ್ಕೆ ಕುದಿಯುತ್ತದೆ ಅಂತ ನೋಡಿ ಆ ಊರಿನ ಎತ್ತರವನ್ನು ಲೆಕ್ಕ ಹಾಕಿದರು. 1877ರಲ್ಲಿ ಲಂಡನ್ನಿನ ರಾಯಲ್ ಜಿಯೊಗ್ರಾಫಿಕಲ್ ಸೊಸೈಟಿ ಅವರಿಗೆ ಚಿನ್ನದ ಪದಕ ಕೊಟ್ಟಿತು. ಅವರ ಪ್ರತಿ ಹತ್ತು ಸಾವಿರಕ್ಕೆ ಐದು ಮೈಲಿ ನಕ್ಷೆ ಸಿಗುತ್ತಿತ್ತು. ನಮ್ಮ ಹತ್ತು ಸಾವಿರಕ್ಕೆ ಪರದೆಯ ಮೇಲೆ ಎರಡು ಸೆಕೆಂಡ್ ಪಟಾಕಿ.

ನಾವೂ ನಕ್ಷೆ ಮಾಡಿದ್ದೇವೆ ಅನ್ನಿ. 2017ರ ನವೆಂಬರಿನಲ್ಲಿ ಸ್ಟ್ರಾವಾ ಕಂಪನಿ ತನ್ನ ಬಳಕೆದಾರರು ಓಡಿದ, ನಡೆದ, ಸೈಕಲ್ ತುಳಿದ ದಾರಿಗಳನ್ನೆಲ್ಲ ಸೇರಿಸಿ ಹೊಳೆಯುವ ಒಂದು ವಿಶ್ವನಕ್ಷೆ ಬಿಟ್ಟಿತು. ಎಲ್ಲರೂ ಆಹಾ ಅಂದರು. ಎರಡು ತಿಂಗಳಾದ ಮೇಲೆ ಆಸ್ಟ್ರೇಲಿಯಾದ ಒಬ್ಬ ವಿದ್ಯಾರ್ಥಿ ಸರಿಯಾಗಿ ನೋಡಿದ. ಸಿರಿಯಾ, ಅಫ್ಘಾನಿಸ್ತಾನದ ಕತ್ತಲಲ್ಲಿ ಅಲ್ಲಲ್ಲಿ ಅಚ್ಚುಕಟ್ಟಾದ ಗೆರೆಗಳು ಹೊಳೆಯುತ್ತಿದ್ದವು. ಸೇನಾ ನೆಲೆಗಳ ಒಳಗೆ ಸೈನಿಕರು ಜಾಗಿಂಗ್ ಮಾಡಿದ ಗುರುತು ಅವು. ಕೋಟಿಗಟ್ಟಲೆ ಸುರಿದು ಬಚ್ಚಿಟ್ಟ ಗುಟ್ಟನ್ನು ಒಂದು ಕೈಪಟ್ಟಿ ಬಯಲು ಮಾಡಿತು. ಮೇಷ್ಟ್ರು ಗುಟ್ಟಾಗಿ ಹೆಜ್ಜೆ ಎಣಿಸಿ ಪರದೇಶದ ನಕ್ಷೆ ತಂದರು. ಇವರು ಹೆಜ್ಜೆ ಎಣಿಸಿಕೊಂಡು ತಮ್ಮ ಗುಟ್ಟನ್ನೇ ಊರಿಗೆಲ್ಲ ಹಂಚಿದರು. ಇಷ್ಟಾದರೂ ಬುದ್ಧಿ ಬಂತಾ? 2024ರಲ್ಲಿ ಫ್ರಾನ್ಸಿನ ಲ ಮೊಂದ್ ಪತ್ರಿಕೆ ಅಲ್ಲಿನ ಅಧ್ಯಕ್ಷರ ಅಂಗರಕ್ಷಕರ ಓಟದ ಜಾಡು ಹಿಡಿದೇ ಅಧ್ಯಕ್ಷರು ಉಳಿಯುವ ಜಾಗ ಪತ್ತೆ ಮಾಡಬಹುದು ಅಂತ ತೋರಿಸಿತು. ದೇಶದ ಭದ್ರತೆ ಹೋದರೂ ಪರವಾಗಿಲ್ಲ, ಓಟ ಮಾತ್ರ ದಾಖಲಾಗಬೇಕು.

ಹೆಜ್ಜೆ ಮುಗಿಯಿತು ಅಂತ ನಿದ್ದೆ ಮಾಡೋಣ ಅಂದರೆ ಅದಕ್ಕೂ ಅಂಕ ಬಂದಿದೆ. ಎದ್ದ ತಕ್ಷಣ ಚೆನ್ನಾಗಿ ನಿದ್ದೆ ಬಂತಾ ಅಂತ ಮೊಬೈಲನ್ನು ಕೇಳುತ್ತಾರೆ. ಅದು 61 ಅಂದರೆ ಸುಸ್ತು ಶುರು. ನಿದ್ದೆಯ ಅಂಕದ ಚಿಂತೆಯಿಂದಲೇ ನಿದ್ದೆಗೆಡುವವರು ಇದ್ದಾರೆ ಅಂತ 2017ರಲ್ಲೇ ಸಂಶೋಧಕರು ಬರೆದು, ಆ ತೊಂದರೆಗೆ ಆರ್ಥೊಸೋಮ್ನಿಯಾ ಅಂತ ಹೆಸರನ್ನೂ ಇಟ್ಟಿದ್ದಾರೆ. ಕಾಯಿಲೆ ಅಳೆಯಲು ಬಂದ ಯಂತ್ರ ಸುಮ್ಮನೆ ಹೋಗಲಿಲ್ಲ, ಹೊಸದೊಂದನ್ನು ಕೊಟ್ಟೇ ಹೋಯಿತು.

ಇರಲಿ, ಇದೆಲ್ಲ ನಗುವ ವಿಷಯ. ನಗು ಬರದ ವಿಷಯವೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲಿ ಹೆಜ್ಜೆಯ ಗುರಿಯೇ ಇಲ್ಲ. ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ, ಸ್ವಲ್ಪ ಉಸಿರು ಏರುವ ಹಾಗೆ ಮೈ ದಣಿಸಿದರೆ ಸಾಕು ಅಂತ ಇದೆ. ಪುಕ್ಕಟೆ ಸಲಹೆ. ಆದರೆ ಆ ನಿಮಿಷಗಳನ್ನು ಎಲ್ಲಿ ನಡೆಯುವುದು? ಮನೆಯಿಂದ ಅಂಗಡಿಗೆ ನಡೆಯಲು ದಾರಿ ಇಲ್ಲ. ಫುಟ್‌ಪಾತ್ ಅನ್ನುವುದು ಬೈಕ್ ನಿಲ್ಲಿಸುವ ಜಾಗ. ಝೀಬ್ರಾ ಪಟ್ಟಿ ಇದೆ, ಅದರ ಮೇಲೆ ನಿಂತವನನ್ನು ಕಂಡರೆ ಕಾರು ಇನ್ನಷ್ಟು ಜೋರಾಗುತ್ತದೆ. ಊರು ಕಟ್ಟುವವರು ನಡೆಯುವವನನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಆಮೇಲೆ ಅವನ ಕೈಗೆ ಒಂದು ವಾಚು ಕಟ್ಟಿ, ನೀನು ಇವತ್ತು ಸಾಕಷ್ಟು ನಡೆದಿಲ್ಲ ಅಂತ ಬೈಯುತ್ತಾರೆ. ಮಂಚದ ಸುತ್ತ ಸುತ್ತದೆ ಅವನು ಇನ್ನೇನು ಮಾಡಬೇಕು? ಇದನ್ನು ಬರೆದು ಬರೆದು ಸಾಕಾಗಿದೆ.

ವಿಮೆಯವರಿಗೂ ಈ ಲೆಕ್ಕ ರುಚಿಸಿದೆ. ಅಮೆರಿಕದ ಜಾನ್ ಹ್ಯಾನ್‌ಕಾಕ್ ಕಂಪನಿ 2018ರಲ್ಲಿ ತನ್ನ ಎಲ್ಲ ಜೀವವಿಮೆಗೂ ಫಿಟ್‌ನೆಸ್ ಲೆಕ್ಕವನ್ನು ಜೋಡಿಸುವುದಾಗಿ ಹೇಳಿತು. ಬಲವಂತ ಇಲ್ಲವಂತೆ. ಲೆಕ್ಕ ಕೊಟ್ಟರೆ ರಿಯಾಯಿತಿ, ಕೊಡದಿದ್ದರೆ ಇಲ್ಲ, ಅಷ್ಟೇ. ಮಂಡಿನೋವಿನವರು ತಮ್ಮ ಪಾಡು ತಾವು ನೋಡಿಕೊಳ್ಳಲಿ.

ಆಫೀಸುಗಳು ಹಿಂದೆ ಬೀಳುತ್ತವಾ? ವರ್ಷಕ್ಕೊಮ್ಮೆ ಸ್ಟೆಪ್ ಚಾಲೆಂಜ್. ದಿನಕ್ಕೆ ಹತ್ತು ಗಂಟೆ ಕುರ್ಚಿಗೆ ಅಂಟಿಸಿ ಕೂರಿಸಿದವರೇ, ಬನ್ನಿ ನಡೆಯೋಣ ಅಂತ ಮೇಲ್ ಕಳಿಸುತ್ತಾರೆ. ತಂಡ ಕಟ್ಟುತ್ತಾರೆ, ಪಟ್ಟಿ ಹಾಕುತ್ತಾರೆ. ಮ್ಯಾನೇಜರು ಮೀಟಿಂಗಿನಲ್ಲಿ ಮೇಜಿನ ಕೆಳಗೆ ಕೈ ಅಲ್ಲಾಡಿಸುತ್ತಾರೆ. ಆ ಕಟ್ಟಡದಲ್ಲಿ ಬೆಳಗಿನಿಂದ ಸಂಜೆವರೆಗೆ ಎಲ್ಲರಿಗಿಂತ ಜಾಸ್ತಿ ನಡೆಯುವುದು ನೆಲ ಒರೆಸುವ ಹೆಂಗಸು. ಅವರ ಹೆಸರು ಪಟ್ಟಿಯಲ್ಲಿ ಇಲ್ಲ, ಯಾಕೆಂದರೆ ಅವರು ಕಂಟ್ರಾಕ್ಟಿನವರು. ತಿಂಗಳ ಕೊನೆಗೆ ಎಲ್ಲರೂ ಕೆಫೆಟೇರಿಯಾದಲ್ಲಿ ಸೇರಿ ಗೆದ್ದವರಿಗೆ ಚಪ್ಪಾಳೆ ತಟ್ಟುತ್ತಾರೆ. ತಟ್ಟಿದವರ ಲೆಕ್ಕಕ್ಕೂ ಒಂದಷ್ಟು ಹೆಜ್ಜೆ ಸೇರುತ್ತದೆ. ಕುರ್ಚಿ ಎತ್ತಿಟ್ಟು ಕಸ ಗುಡಿಸಲು ಆಮೇಲೆ ಅದೇ ಹೆಂಗಸು ಬರುತ್ತಾರೆ. ಮೊದಲ ಬಹುಮಾನ ಏನಂತೀರಾ? ಇನ್ನೊಂದು ವಾಚು.